ಫ್ರೆಂಚ್ ಕ್ರಾಂತಿಯಲ್ಲಿ ಸೆರೆಯಾದ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಕುಟುಂಬದಲ್ಲಿ ಮಗಳು ಮರಿ ತೆರೇಸ್ ಮಾತ್ರ ಸೆರೆಯಿಂದ ಜೀವಂತ ಹೊರಬಂದದ್ದು ಹೇಗೆ?

ಆಸ್ಟ್ರಿಯಾದ ವಶದಲ್ಲಿದ್ದ ಫ್ರೆಂಚ್ ಕೈದಿಗಳಿಗೆ ಬದಲಾಗಿ ಕ್ರಾಂತಿಯ ಸರ್ಕಾರವು 1795ರ ಡಿಸೆಂಬರಿನಲ್ಲಿ, ಆಕೆಗೆ 17 ತುಂಬುವ ಹೊತ್ತಿಗೆ, ಆಕೆಯನ್ನು ಬಿಟ್ಟುಕೊಟ್ಟಿತು. ಫ್ರಾನ್ಸಿನ ಕಟ್ಟಳೆಯಂತೆ ಹೆಣ್ಣಿಗೆ ಸಿಂಹಾಸನದ ಹಕ್ಕಿರಲಿಲ್ಲವಾದ್ದರಿಂದ ಈ ಬಿಡುಗಡೆಯಿಂದ ಗಣರಾಜ್ಯಕ್ಕೆ ಹೆಚ್ಚಿನ ಅಪಾಯವಿರಲಿಲ್ಲ. ಆಸ್ಟ್ರಿಯಾವನ್ನು ಆಳುತ್ತಿದ್ದ ಪವಿತ್ರ ರೋಮನ್ ಚಕ್ರವರ್ತಿ ಎರಡನೆಯ ಫ್ರಾನ್ಸಿಸನೋ ಆಕೆಯ ಸೋದರಮಾವನ ಮಗನೇ ಆಗಿದ್ದ.

ಅಷ್ಟರೊಳಗೆ ತಂದೆ, ತಾಯಿ ಮರಿ ಆಂತ್ವಾನೆತ್ ಮತ್ತು ಸೋದರತ್ತೆ ಎಲಿಜಬೆತ್ ಗಿಲೊಟಿನ್ ಎಂಬ ತಲೆ ಕಡಿಯುವ ಯಂತ್ರಕ್ಕೆ ಬಲಿಯಾಗಿದ್ದರು. ಹತ್ತು ವರ್ಷದ ತಮ್ಮ, ಆಕೆಯನ್ನೂ ಇಟ್ಟಿದ್ದ ಪ್ಯಾರಿಸ್ಸಿನ ಟಾಂಪ್ಲ್ ಸೆರೆಮನೆಯಲ್ಲಿ ಕಾಯಿಲೆಯಿಂದ ತೀರಿಕೊಂಡಿದ್ದ. ತಾಯಿಯ ಸಾವನ್ನು ಆಕೆಗೆ ಬಹುಕಾಲ ತಿಳಿಸಿರಲೇ ಇಲ್ಲ. ಸಾವಿರ ಸಲ ಕೇಳಿದರೂ ತಾಯಿಯ ಸುದ್ದಿ ಸಿಗುತ್ತಿಲ್ಲವೆಂದು ಆ ಹುಡುಗಿ ಕೋಣೆಯ ಗೋಡೆಯ ಮೇಲೆ ಗೀಚಿದ್ದಳು ಎಂಬುದನ್ನು ನೆನೆದರೆ ಇಂದಿಗೂ ಕರುಳು ಚುರುಕ್ಕೆನ್ನುತ್ತದೆ.

1799ರಲ್ಲಿ ಚಿಕ್ಕಪ್ಪನ ಮಗನಾದ ಅಂಗೂಲೆಮ್‌ನ ಡ್ಯೂಕನನ್ನು ವರಿಸಿದಳು, ಮಕ್ಕಳಾಗಲಿಲ್ಲ. 1851ರಲ್ಲಿ ಆಸ್ಟ್ರಿಯಾದಲ್ಲೇ ನಿಧನಳಾದಳು.