ರೇಷ್ಮೆಗೆ ನೈಲಾನ್ ಬೆರೆಸಿ ಕರಗಿಸಬಹುದಾ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದು ನೂಲು ಬಿಚ್ಚಾಣಿಕೆ ಘಟಕ. ರೇಷ್ಮೆಗೆ ಸಿಂಥೆಟಿಕ್ ಪಾಲಿಮರ್ (ನೈಲಾನ್, ಪ್ಲಾಸ್ಟಿಕ್‌ನಂಥ ವಸ್ತು) ಬೆರೆಸಿ, ಕೊರೆಯುವ ಚಳಿಯಲ್ಲೂ ಬಳುಕುವ ನೂಲು ಮಾಡುತ್ತಾರಂತೆ. ನೈಲಾನ್ ಜೊತೆ ಕರಗಿಸಿದರೆ ಸಾಕಾ? ನಮ್ಮ ಘಟಕದಲ್ಲೇ ಆಗುತ್ತಾ?

ಉತ್ತರ: ಕರಗಿಸೋಕೆ ಮಾತ್ರ ಹೋಗಬೇಡಿ. ಒಂದೆಳೆ ರೇಷ್ಮೆ, ಒಂದೆಳೆ ನೈಲಾನ್ ಬೆಂಕಿಗೆ ಹಿಡಿದು ನೋಡಿ. ನೈಲಾನ್ ಕರಗಿ ತುದಿಯಲ್ಲಿ ಗಟ್ಟಿ ಗುಂಡು ಕಟ್ಟುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಕರಿಯಾಗುತ್ತದೆ, ಬೆರಳಲ್ಲಿ ಉಜ್ಜಿದರೆ ಪುಡಿ. ಅದು ಪ್ರೋಟೀನು, ಕರಗುವ ಮೊದಲೇ ಸುಟ್ಟುಹೋಗುತ್ತದೆ.

ಹಾಗಾಗಿ ರಾಸಾಯನಿಕದಲ್ಲಿ ನೆನೆಸಿ ದ್ರವ ಮಾಡಬೇಕು. ಮೊದಲು ಸೋಡಾ ನೀರಲ್ಲಿ ಕುದಿಸಿ ಸೆರಿಸಿನ್ ಅನ್ನೋ ಅಂಟು ತೆಗೆಯುತ್ತಾರೆ. ತೂಕದ ಕಾಲು ಭಾಗ ಅಲ್ಲೇ ಹೋಯಿತು. ಉಳಿಯೋದು ಫೈಬ್ರಾಯಿನ್, ಅಂದರೆ ರೇಷ್ಮೆಯ ಮುಖ್ಯ ಪ್ರೋಟೀನು. ಅದು ಬರೀ ನೀರಿಗೆ ಜಗ್ಗುವುದಿಲ್ಲ. ಲಿಥಿಯಂ ಬ್ರೋಮೈಡ್ ಅನ್ನೋ ಉಪ್ಪಿನ ಗಟ್ಟಿ ದ್ರಾವಣದಲ್ಲಿ, 60 ಡಿಗ್ರಿಯಲ್ಲಿ ಕೆಲವು ಗಂಟೆ ಇಡಬೇಕು. ಆಮೇಲೆ ಆ ಉಪ್ಪು ಬಿಡಿಸೋಕೆ ಎರಡು ಮೂರು ದಿನ ನೀರು ಬದಲಿಸುತ್ತಾ ಕೂರಬೇಕು. ಅದಾದ ಮೇಲೆ ಒಣಗಿಸಿ, ಪಾಲಿಮರ್ ಕೂಡ ಕರಗುವ ದ್ರಾವಕದಲ್ಲಿ ಎರಡನ್ನೂ ಬೆರೆಸಿ, ಸಣ್ಣ ತೂತಿನಿಂದ ಎಳೆ ತೆಗೆಯುತ್ತಾರೆ. ಇದು ಲ್ಯಾಬಿನ ಕೆಲಸ, ಗೂಡಿನಿಂದ ನೂಲು ಬಿಚ್ಚುವ ಬೇಸಿನ್ ಮುಂದೆ ಆಗುವಂಥದ್ದಲ್ಲ.

ತಮಾಷೆ ಏನಂದ್ರೆ, ಹುಳು ನೂತ ರೇಷ್ಮೆಗೆ ಚಳಿಯ ಭಯ ಕಡಿಮೆ. ಟಸರ್ ಜಾತಿಯ ಕಾಡುರೇಷ್ಮೆಯೊಂದನ್ನು ಮೈನಸ್ 196 ಡಿಗ್ರಿಯಲ್ಲಿ ಎಳೆದು ನೋಡಿದ್ದಾರೆ. ಪಟ್ಟನೆ ಮುರಿಯುವ ಬದಲು ಇನ್ನೂ ಗಟ್ಟಿಮುಟ್ಟಾಯಿತು! ಒಂದೆಳೆಯೊಳಗೆ ಕಣ್ಣಿಗೆ ಕಾಣದ ನೂರಾರು ಎಳೆಗಳಿರುತ್ತವೆ. ಒಂದರ ಬಿರುಕು ಪಕ್ಕದ್ದಕ್ಕೆ ಸುಲಭವಾಗಿ ದಾಟುವುದಿಲ್ಲ. ನಾವು ದ್ರವ ಮಾಡಿದ ಕೂಡಲೇ ಹುಳು ಕಟ್ಟಿದ ಈ ಜೋಡಣೆ ಹಾಳಾಗುತ್ತದೆ. ಅದನ್ನು ಸುಮ್ನೆ ಹಾಳೆಯಂತೆ ಒಣಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಪಾಲಿಮರ್ ಬೇಕಾಗುವುದು ಇಲ್ಲಿಗೆ.

ಯಾವ ಪಾಲಿಮರ್ ಆದರೂ ನಡೆಯಲ್ಲ. ಫ್ರೀಜರಿನಲ್ಲಿಟ್ಟ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಟಕ್ ಅಂತ ಸೀಳುವುದು ನೋಡಿದ್ದೀರಿ ಅಲ್ವಾ? ಅಂಥ ಡಬ್ಬಿಗಳಿಗೆ ಬಳಸುವ ಪಾಲಿಪ್ರೊಪಿಲೀನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಗಾಜಿನಂತೆ ಬಿಗಿಯುತ್ತದೆ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಅನ್ನೋ ಇನ್ನೊಂದು ಪಾಲಿಮರ್ ಸುಮಾರು ಮೈನಸ್ 60ರವರೆಗೆ ಮೆತ್ತಗಿರುತ್ತದೆ. ಆದರೆ 60 ಡಿಗ್ರಿ ಬಿಸಿಗೆ ಕರಗಿಹೋಗುತ್ತದೆ, ಇಸ್ತ್ರಿ ಮುಟ್ಟಿಸೋ ಹಾಗಿಲ್ಲ. ಬಟ್ಟೆಗಾದರೆ ನನ್ನ ಓಟು ಪಾಲಿಯುರೆಥೇನ್‌ಗೆ. ಇಷ್ಟಾದರೂ ಪ್ರೋಟೀನು, ಪಾಲಿಮರ್ ಎರಡೂ ಎಣ್ಣೆ–ನೀರಿನಂತೆ ಬೇರೆಯಾಗುವ ಕಾಟ ಇದ್ದೇ ಇದೆ. ನೂಲು ತುಂಡಾಗುವುದು ಹೆಚ್ಚಾಗಿ ಆ ಗಡಿಯಲ್ಲೇ.

ಹೇಗೂ ದ್ರವ ಮಾಡುವುದರಿಂದ ಇದಕ್ಕೆ ನಿಮ್ಮ ಒಳ್ಳೆಯ ನೂಲು ಹಾಳು ಮಾಡಬೇಕಿಲ್ಲ. ಬೇಸಿನ್‌ನಲ್ಲಿ ಉಳಿದ ವೇಸ್ಟು, ತೂತುಬಿದ್ದ ಗೂಡು ಸಾಕು. ಹುಳದ ಎಣ್ಣೆ ಮೆತ್ತಿರಬಾರದು, ಅಷ್ಟೆ.

ಈಗಲೇ ಹಿಗ್ಗುವ ನೂಲು ಬೇಕಿದ್ದರೆ ಸ್ಪ್ಯಾಂಡೆಕ್ಸ್ (ಪಾಲಿಯುರೆಥೇನ್‌ನ ಹಿಗ್ಗುವ ನೂಲು) ಎಳೆಯ ಸುತ್ತ ರೇಷ್ಮೆ ಸುತ್ತಿಸಿ. ಹುರಿ ಮಾಡುವವರ ಹತ್ತಿರ ಕೇಳಿ ನೋಡಿ. ಇಲ್ಲಿ ಯಾವುದೂ ಕರಗುವುದಿಲ್ಲ, ಹುಳು ಕಟ್ಟಿದ್ದು ಹಾಗೇ ಉಳಿಯುತ್ತದೆ. ಒಂದು ತುಂಡನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ತೆಗೆದ ತಕ್ಷಣ ಗಂಟು ಹಾಕಿ ಪರೀಕ್ಷಿಸಿ. ನೂಲು ಚೆನ್ನಾಗಿ ಒಣಗಿರಲಿ. ಒದ್ದೆಯಿದ್ದರೆ ಸೆಟೆಯುವುದು ಮಂಜುಗಡ್ಡೆಯಿಂದ, ನೂಲಿನ ತಪ್ಪಲ್ಲ.