ತಾಯಿ ಇರುವ ಮಕ್ಕಳಿಗೆ ಆಶ್ರಮ ಏಕೆ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಪಕ್ಕದ ಮನೆಯ ಯಜಮಾನ ಹೋದ ವರ್ಷ ತೀರಿಕೊಂಡ. ಹೆಂಡತಿ ಕೂಲಿಗೆ ಹೋಗುತ್ತಾಳೆ, ತಲೆಯ ಮೇಲೆ ಸಂಘದ ಸಾಲವಿದೆ. 15 ವರ್ಷದ ಮಗಳು ಒಂಬತ್ತನೆಯ ತರಗತಿ ಮುಗಿಸಿ ಶಾಲೆ ಬಿಟ್ಟಿದ್ದಾಳೆ. ಸೋದರಮಾವನಿಗೆ ಕೊಡುವ ಮಾತು ನಡೆದಿದೆ. 12 ವರ್ಷದ ಮಗ ಶಾಲೆ ತಪ್ಪಿಸಿ ಆಲೆಮನೆಗೆ ಹೋಗುತ್ತಾನೆ. ಇಬ್ಬರನ್ನೂ ಮೈಸೂರಿನ ಯಾವುದಾದರೂ ಆಶ್ರಮಕ್ಕೆ ಸೇರಿಸೋಣ ಎಂದು ಅಕ್ಕಪಕ್ಕದವರು ಮಾತನಾಡಿಕೊಂಡಿದ್ದೇವೆ. ದೂರು ಕೊಟ್ಟರೆ ಆ ಹೆಂಗಸಿಗೆ ತೊಂದರೆಯಾದೀತೆಂಬ ಅಳುಕೂ ಇದೆ. ಏನು ಮಾಡಬೇಕು?

ಉತ್ತರ: ಆಶ್ರಮದ ಯೋಚನೆಯನ್ನು ಕೈಬಿಡಿ. ಈ ಮಕ್ಕಳಿಗೆ ತಾಯಿ ಇದ್ದಾಳೆ, ಇಲ್ಲದಿರುವುದು ದುಡ್ಡು. ಮಕ್ಕಳನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯಾಗಬೇಕು ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಅದಕ್ಕೂ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬೇಕು, ನೀವೇ ಕರೆದೊಯ್ದು ಬಿಟ್ಟು ಬರುವಂತಿಲ್ಲ. ಒಂದು ಬೋರ್ಡು ಹಾಕಿಕೊಂಡು, ನೋಂದಣಿಯಿಲ್ಲದೆ ಮಕ್ಕಳನ್ನು ಇಟ್ಟುಕೊಳ್ಳುವ ಜಾಗಗಳೂ ಉಂಟು. ಅಂಥವನ್ನು ನಡೆಸುವುದು ಶಿಕ್ಷಾರ್ಹ ಅಪರಾಧ.

ಮೊದಲು ಮದುವೆಯ ವಿಷಯ, ಏಕೆಂದರೆ ಅದಕ್ಕೆ ಕಾಯುವಷ್ಟು ವ್ಯವಧಾನವಿಲ್ಲ. ಹೂ ಮುಡಿಸುವ ಶಾಸ್ತ್ರಕ್ಕೆ ದಿನ ಗೊತ್ತಾಗುವ ಮುಂಚೆಯೇ 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲೂ ಸಿಗುವ ಉಚಿತ ಮಕ್ಕಳ ಸಹಾಯವಾಣಿ ಅದು. ನಿಮ್ಮ ಹೆಸರು ಹೇಳಬೇಕಾಗಿಲ್ಲ. ಹುಡುಗಿಯ ವಯಸ್ಸು, ಓದಿದ ಶಾಲೆ, ಮನೆಯ ಗುರುತು, ಎಲ್ಲಿ ಯಾವಾಗ ಶಾಸ್ತ್ರ ನಡೆಯಬಹುದು ಎಂಬಷ್ಟು ಹೇಳಿದರೆ ಸಾಕು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ತಹಶೀಲ್ದಾರರೂ ಬಾಲ್ಯವಿವಾಹ ನಿಷೇಧಾಧಿಕಾರಿಗಳೇ. ಮದುವೆಗೆ ಮುಂಚೆ ಸುದ್ದಿ ಮುಟ್ಟಿದರೆ ಸಾಮಾನ್ಯವಾಗಿ ಮನೆಯವರನ್ನು ಕೂರಿಸಿಕೊಂಡು ತಿಳಿಹೇಳಿ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಮದುವೆ ನಡೆದೇಹೋದರೆ ಮಾತ್ರ ಕಥೆ ಬೇರೆ: ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು, ಮಾಡಿಸಿದವರಿಗೆ 2 ವರ್ಷದವರೆಗೆ ಜೈಲು, ಸೋದರಮಾವನ ಮೇಲೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣವೂ ಬೀಳಬಹುದು. ಆ ತಾಯಿಗೆ ತೊಂದರೆಯಾಗಬಾರದು ಎಂದಿದ್ದರೆ ಬೇಗ ತಿಳಿಸಿ. ಸುಮ್ಮನಿದ್ದರೇ ಆಕೆಗೆ ತೊಂದರೆ.

ಹುಡುಗನ ವಿಷಯದಲ್ಲಿ ಗೊಂದಲವೇ ಇಲ್ಲ. 14 ತುಂಬದ ಮಗುವನ್ನು ಆಲೆಮನೆಯಲ್ಲಿ ದುಡಿಸಿಕೊಂಡರೆ ಮಾಲೀಕನಿಗೆ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಜೊತೆಗೆ ಜೈಲೂ ಆಗಬಹುದು. ‘ಸಿಪ್ಪೆ ಒಣಹಾಕುತ್ತಾನೆ, ಅಷ್ಟೇ’ ಎಂಬ ಸಬೂಬು ನಡೆಯುವುದಿಲ್ಲ. ಕುದಿಯುವ ಕೊಪ್ಪರಿಗೆಯೂ ತಿರುಗುವ ಗಾಣವೂ ಇರುವ ಜಾಗ ಅದು. ಮುಖ್ಯೋಪಾಧ್ಯಾಯರಿಗೆ ಹೇಳಿ. ಎಷ್ಟು ದಿನ ತಪ್ಪಿಸಿದ್ದರೂ ವಾಪಸು ಸೇರಿಸಿಕೊಳ್ಳಲೇಬೇಕು.

ಇನ್ನು ದುಡ್ಡು. ಇದಕ್ಕೆ ದಾರಿಯಾಗದಿದ್ದರೆ ಮೇಲಿನದೆಲ್ಲ ಎರಡು ತಿಂಗಳ ಮಾತು. ಕೇಂದ್ರದ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವ ಎಂಬ ನೆರವಿದೆ. ವಿಧವೆಯ ಮಕ್ಕಳು ಮನೆಯಲ್ಲೇ ಇದ್ದು ಶಾಲೆಗೆ ಹೋಗುತ್ತಿದ್ದರೆ, ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯ ಕುಟುಂಬಕ್ಕೆ ವಾರ್ಷಿಕ ಆದಾಯ 72,000 ರೂಪಾಯಿ ಮೀರಬಾರದು, ಪಟ್ಟಣದವರಿಗೆ 96,000. ಈ ಮಿತಿ ನನ್ನ ಮಟ್ಟಿಗೆ ತೀರಾ ಜುಗ್ಗತನದ್ದು. ಆ ತಾಯಿ ನಾಳೆ ಗಾರ್ಮೆಂಟ್ಸ್ ಸೇರಿ ಪಿಎಫ್ ಕಟ್ಟತೊಡಗಿದರೆ ಲೆಕ್ಕ ದಾಟಿಹೋಗುತ್ತದೆ. ಸದ್ಯ ಕೂಲಿ ಮಾಡುತ್ತಿರುವುದರಿಂದ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಮಾಡಿಸಲಿ. ಗಂಡನ ಮರಣ ಪ್ರಮಾಣಪತ್ರ, ಪಡಿತರ ಚೀಟಿ, ಆಧಾರ್, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಇವುಗಳೊಂದಿಗೆ ಮಂಡ್ಯದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಬೇಕು. ಘಟಕದವರು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ, ಸಮಿತಿಯೊಂದು ಮಂಜೂರು ಮಾಡುತ್ತದೆ. ಹಣ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ನಿಮ್ಮ ನೆರೆಹೊರೆಯ ದುಡ್ಡು ನಿಜವಾಗಿ ಬೇಕಾಗುವುದು ಆ ನಡುಗಾಲಕ್ಕೆ. ಆಶ್ರಮಕ್ಕೆಂದು ಎತ್ತಿಟ್ಟಿದ್ದನ್ನು ಅಕ್ಕಿಬೇಳೆಗೂ ಸಂಘದ ಕಂತಿಗೂ ಕೊಡಿ.

ಮಕ್ಕಳನ್ನು ಹಾಸ್ಟೆಲ್ಲಿಗೆ ಸೇರಿಸಿದರೆ ಈ ನೆರವು ನಿಲ್ಲುತ್ತದೆ ಎಂಬುದನ್ನು ತಾಯಿಗೆ ಮೊದಲೇ ಹೇಳಿ. ಎರಡರಲ್ಲಿ ಯಾವುದೆಂದು ಆಕೆಯೇ ತೀರ್ಮಾನಿಸಲಿ. ಪಡಿತರ ಚೀಟಿಯಲ್ಲಿ ಯಜಮಾನಿಯಾಗಿ ಆಕೆಯ ಹೆಸರಿದೆಯೇ ಎಂದೂ ನೋಡಿ. ಗಂಡನ ಹೆಸರೇ ಮುಂದುವರಿದಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿ ಕೈತಪ್ಪುತ್ತದೆ. ವಿಧವಾ ವೇತನದ ಅರ್ಜಿಯೂ ಅದೇ ನಾಡಕಚೇರಿಯಲ್ಲಿ. ಓಡಾಟಕ್ಕೆ ಶಕ್ತಿ ಯೋಜನೆಯ ಬಸ್ ಇದೆ, ಆದರೆ ಹೋದ ದಿನದ ಕೂಲಿ ಹೋಯಿತು. ನಿಮ್ಮಲ್ಲಿ ಓದುಬರಹ ಬಲ್ಲವರೊಬ್ಬರು ಜೊತೆಗೆ ಹೋದರೆ ಒಂದೇ ಓಡಾಟದಲ್ಲಿ ಮೂರು ಕೆಲಸ ಮುಗಿಯುತ್ತವೆ.

ಹುಡುಗಿಗೆ ಹತ್ತನೆಯ ತರಗತಿಗೆ ಮತ್ತೆ ದಾಖಲಾಗಲು ಹೇಳಿ. ಆಕೆಯ ಮನಸ್ಸಿನಲ್ಲಿ ಏನಿದೆ ಎಂದು ಒಮ್ಮೆ ಕೇಳಿ ನೋಡಿ, ನಿಮ್ಮ ಪತ್ರದಲ್ಲಿ ಅದೊಂದು ಮಾತೇ ಇಲ್ಲ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ಆಕೆ ನಂಬುವವರು ಯಾರಾದರೂ ಇದ್ದರೆ ಅವರೇ ಕೇಳುವುದು ಮೇಲು.

ಸಹಾಯ ಕೇಳುವ ಭರದಲ್ಲಿ ಮಕ್ಕಳ ಫೋಟೊ, ಹೆಸರುಗಳನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ರಕ್ಷಣೆ ಬೇಕಿರುವ ಮಕ್ಕಳ ಗುರುತು ಬಯಲು ಮಾಡಿದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಉಲ್ಲಂಘನೆಯಾಗಿ, 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು, ಎರಡೂ ಬೀಳಬಹುದು.