ಹಳೆಯ ಯೆಜ್ಡಿಯ ಟ್ಯಾಂಕಿಗೆ ಆಸಿಡ್ ಹಾಕಬಹುದೇ?

ತಂದೆಯವರ 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್ ವರ್ಷಗಟ್ಟಲೆ ನಿಂತು ಟ್ಯಾಂಕಿನೊಳಗೆ ತುಕ್ಕು ಹಿಡಿದಿದೆ, ತಳದಲ್ಲಿ ಪೆಟ್ರೋಲ್ ಜಿನುಗುತ್ತಿದೆ. ಶೌಚಾಲಯ ತೊಳೆಯುವ ಆಸಿಡ್ ಹಾಕಿ ಒಳಗೆ ಎಪಾಕ್ಸಿ (ಒಣಗಿ ಗಟ್ಟಿಯಾಗುವ ರಾಳ) ಲೇಪನ ಮಾಡಿಸಲೇ, ಇಲ್ಲ ಬೇರೆ ಟ್ಯಾಂಕ್ ಕೊಳ್ಳಲೇ ಎಂದು ಕೇಳಿದ್ದೀರಿ. ಆಸಿಡ್ ಬೇಡ. ಲೇಪನವೂ ಸದ್ಯಕ್ಕೆ ಬೇಡ. ಹಳೆಯ ಟ್ಯಾಂಕನ್ನಂತೂ ಗುಜರಿಗೆ ಹಾಕಲೇಬೇಡಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿಂದ ಬಂದ ತಗಡಿಗೆ ಈಗಿನ ನಕಲಿ ಟ್ಯಾಂಕುಗಳು ಸಾಟಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಸೋರಿಕೆ ಎಲ್ಲಿಯದೆಂದು ನೋಡಿ. ತಳವನ್ನು ಒಣಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಬಳಿದು ಅರ್ಧ ಗಂಟೆ ಬಿಡಿ. ಒದ್ದೆ ಗೆರೆ ಎಲ್ಲಿಂದ ಹೊರಟಿದೆಯೋ ತೂತು ಅಲ್ಲಿದೆ. ಎಷ್ಟೋ ಸಲ ಟ್ಯಾಂಕ್ ಗಟ್ಟಿಯಾಗಿಯೇ ಇದ್ದು, ಪೆಟ್ರೋಲ್ ಕಾಕ್‌ನ (ಟ್ಯಾಂಕಿನಡಿಯ ನಲ್ಲಿಯ) ವಾಷರ್ ಸತ್ತಿರುತ್ತದೆ.

ತುಕ್ಕಿನ ಮೂಲ ನೀರು. ಅರ್ಧ ತುಂಬಿದ ಟ್ಯಾಂಕ್ ಹಗಲು ಬಿಸಿಯಾಗಿ ಗಾಳಿ ಹೊರಬಿಡುತ್ತದೆ, ರಾತ್ರಿ ತಣಿದು ಒಳಗೆಳೆಯುತ್ತದೆ. ನಮ್ಮ ಬೆಂಗಳೂರಿನ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಬರವೇ? ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಇರುವ ಎಥನಾಲ್ ಆ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ತಳ ಸೇರುತ್ತವೆ. ತೂತುಗಳು ತಳದಲ್ಲೇ ಬೀಳುವುದು ಅದಕ್ಕೆ.

ಶೌಚಾಲಯದ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಅದು ತುಕ್ಕು ಮುಗಿದ ಮೇಲೆ ಒಳ್ಳೆಯ ಕಬ್ಬಿಣಕ್ಕೂ ಬಾಯಿ ಹಾಕುತ್ತದೆ, ಅದರ ಹೊಗೆ ಪಕ್ಕದಲ್ಲಿರುವ ಕ್ರೋಮನ್ನೂ ಕೆಡಿಸುತ್ತದೆ. ಸಿಟ್ರಿಕ್ ಆಮ್ಲ ಸೌಮ್ಯ. ನಿಂಬೆ ಉಪ್ಪು ಎಂದು ಕೇಳಿದರೆ ಕೊಡುತ್ತಾರೆ. ಆದರೆ ಪೆಟ್ರೋಲಿಗೇ ಆಯಿಲ್ ಬೆರೆಸುವ ಇಂಥ ಟೂ-ಸ್ಟ್ರೋಕ್ ಗಾಡಿಯ ಟ್ಯಾಂಕಿನ ಒಳಗೋಡೆಗೆ ಆ ಆಯಿಲ್ ಅಂಟಿರುವುದರಿಂದ ಮೊದಲು ಬಿಸಿನೀರು, ಬಟ್ಟೆ ಸೋಪಿನ ಪುಡಿ ಹಾಕಿ ಜಿಡ್ಡು ಹೋಗುವವರೆಗೆ ತೊಳೆಯಬೇಕು. ಪದರುಪದರಾದ ತುಕ್ಕಿಗೆ ಹಳೆಯ ಸೈಕಲ್ ಚೈನಿನ ತುಂಡೊಂದನ್ನು ತಂತಿಗೆ ಕಟ್ಟಿ ಒಳಗೆ ಬಿಟ್ಟು ಕುಲುಕಿ. ನಟ್ಟುಗಳನ್ನು ಹಾಕಿದರೆ ಕೊನೆಗೆ ಒಂದು ಒಳಗೇ ಉಳಿದು ಜೀವನವಿಡೀ ಗಲಗಲ ಎನ್ನುತ್ತದೆ. ಆಮೇಲೆ ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ನಿಂಬೆ ಉಪ್ಪು ಕರಗಿಸಿ, ಟ್ಯಾಂಕ್ ತುಂಬ ಸುರಿದು ರಾತ್ರಿಯಿಡೀ ಇಡಿ. ಹೊರಗಿನ ಬಣ್ಣಕ್ಕೆ ಪ್ಲಾಸ್ಟಿಕ್ ಸುತ್ತಿರಲಿ.

ಸೋಲುವವರೆಲ್ಲ ಸೋಲುವುದು ಮರುದಿನ ಬೆಳಿಗ್ಗೆ. ನೀರು ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಗಲಬರಿಸಿ, ಒಮ್ಮೆ ಸಾದಾ ನೀರು ಹಾಕಿ, ತಕ್ಷಣ ಹೇರ್ ಡ್ರೈಯರ್ ಹಿಡಿದು ಒಣಗಿಸಬೇಕು. ಕಾಫಿ ಕುಡಿದು ಬರುತ್ತೇನೆ ಎಂದು ಹೋದರೆ ಬೆಳ್ಳಗಾದ ತಗಡಿನ ಮೇಲೆ ಕಿತ್ತಳೆ ಬಣ್ಣ ಹಬ್ಬಿರುತ್ತದೆ. ಪೆಟ್ರೋಲ್ ವಾಸನೆ ಇನಿತಾದರೂ ಉಳಿದಿದ್ದರೆ ಡ್ರೈಯರ್ ಹತ್ತಿರಕ್ಕೂ ತರಬೇಡಿ. ಒಣಗಿದ ಕೂಡಲೇ ಟೂ-ಟಿ ಆಯಿಲ್ (ಪೆಟ್ರೋಲಿಗೆ ಬೆರೆಸುವ ಅದೇ ಟೂ-ಸ್ಟ್ರೋಕ್ ಆಯಿಲ್) ಹಾಕಿ ಎಲ್ಲ ಮೂಲೆಗೂ ತಿರುಗಿಸಿ.

ತುಕ್ಕು ಬಿಟ್ಟ ಮೇಲೆ ಹೊಸ ತೂತುಗಳು ಕಂಡರೆ ಗಾಬರಿ ಬೇಡ. ಅವು ಮೊದಲೂ ಇದ್ದವು, ತುಕ್ಕೇ ಮುಚ್ಚಿಕೊಂಡಿತ್ತು. ತೆಳು ತಗಡಿಗೆ ಆರ್ಕ್ ವೆಲ್ಡಿಂಗಿಗಿಂತ ಗ್ಯಾಸ್‌ನಲ್ಲಿ ಹಾಕುವ ಹಿತ್ತಾಳೆ ಬೆಸುಗೆ ಲೇಸು. ನೆನಪಿಡಿ: ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯಕಾರಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ. 1.4ರಷ್ಟಿದ್ದರೂ ಕಿಡಿಗೆ ಸ್ಫೋಟಿಸುತ್ತದೆ. ಬಲ್ಲ ವೆಲ್ಡರ್ ಮೊದಲು ಮೂಗಿಟ್ಟು ವಾಸನೆ ನೋಡುತ್ತಾನೆ, ಮತ್ತೆ ತೊಳೆಸುತ್ತಾನೆ, ತೂತಿನ ಹತ್ತಿರದವರೆಗೆ ನೀರು ತುಂಬಿಸಿಕೊಳ್ಳುತ್ತಾನೆ. ಏನೂ ಕೇಳದೆ ಜ್ವಾಲೆ ಹೊತ್ತಿಸಿದರೆ ಟ್ಯಾಂಕ್ ಎತ್ತಿಕೊಂಡು ಬಂದುಬಿಡಿ. ಬೆಸುಗೆ ಹಾಕಿಸುವವರೆಗೆ ಪೆಟ್ರೋಲ್ ಸೋರದಿರಲು ತೂತಿಗೆ ಬಾರ್ ಸೋಪು ತಿಕ್ಕುವ ಹಳೆಯ ಉಪಾಯವಿದೆ; ಅದು ಗ್ಯಾರೇಜು ತಲುಪುವ ಮಟ್ಟಿಗೆ ಮಾತ್ರ.

ಲೇಪನ ಬೇಡವೆಂದದ್ದು, ಎಥನಾಲ್ ತಾಳದ ಎಪಾಕ್ಸಿ ಪೊರೆಯಂತೆ ಎದ್ದು ಕಾಕ್‌ಗೆ ಅಡ್ಡ ಬರುತ್ತದೆ ಎಂಬ ಕಾರಣಕ್ಕೆ. ತಳವೆಲ್ಲ ಜರಡಿಯಾಗಿದ್ದರೆ ಮಾತ್ರ ಯೋಚಿಸಿ, ಎಥನಾಲ್ ತಾಳುತ್ತದೆಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ಕೊಳ್ಳಿ.

ಮುಚ್ಚಳದ ಗಾಳಿತೂತನ್ನು ಸೂಜಿಯಿಂದ ಬಿಡಿಸಿಕೊಳ್ಳಿ. ಅದು ಕಟ್ಟಿದರೆ ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ. ವಾಷರ್ ತರಲು ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯದು ಜೇಬಿನಲ್ಲಿರಲಿ. ಬರೀ ಹೆಸರು ಹೇಳಿದರೆ ಬುಲೆಟ್ಟಿನದನ್ನೂ ಕೈಗಿಟ್ಟು ಕಳಿಸುತ್ತಾರೆ.